ಮುಸ್ಲಿಂ ವಿದ್ಯಾರ್ಥಿಗಳು ಕೃಷಿ ಉದ್ಯಮಕ್ಕೆ ಬರುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಕಾಲೇಜುಗಳಲ್ಲಿ ಕೃಷಿ, ತೋಟಗಾರಿಕೆ, ಪಶುವೈದ್ಯ, ಬಿಕಾಂ, ಬಿಎಸ್ಸಿ ಹೀಗೆ ಏನೋ ಒಂದು ಓದುತ್ತಾ, ಮುಂದೆ ಸ್ವಂತದ್ದೇನಾದರೂ ಶುರು ಮಾಡಬೇಕು ಅಂದುಕೊಂಡಿರುವ ಮುಸ್ಲಿಂ ಹುಡುಗ ಹುಡುಗಿಯರು ಸಾಕಷ್ಟು ಇದ್ದಾರೆ. ಅವರು ಕೇಳುವ ಪ್ರಶ್ನೆಗಳು, ಅವರ ಮನೆಯವರು ಕೇಳುವ ಪ್ರಶ್ನೆಗಳು, ಅವರಿಗೆ ಪಾಠ ಮಾಡುವ ಮೇಷ್ಟ್ರು ಕೇಳುವ ಪ್ರಶ್ನೆಗಳು ಎಲ್ಲ ಇಲ್ಲಿವೆ.

ಕೃಷಿ ಉದ್ಯಮ ಅಂದರೆ ಹೊಲ ಉಳುವುದಾ?

ಅದೂ ಸೇರಿದೆ, ಅದೊಂದೇ ಅಲ್ಲ. ತರಕಾರಿ ಸಸಿಗಳ ನರ್ಸರಿ, ಗೊಬ್ಬರ ಔಷಧಿ ಅಂಗಡಿ, ಮಣ್ಣು ಪರೀಕ್ಷೆ, ಕುರಿ ಕೋಳಿ ಸಾಕಣೆ, ಅಣಬೆ, ಒಣದ್ರಾಕ್ಷಿ ಗ್ರೇಡಿಂಗ್, ಮೆಣಸಿನಪುಡಿ, ಟೊಮೆಟೊ ಸಾಗಣೆ, ಬಾಡಿಗೆಗೆ ಟ್ರ್ಯಾಕ್ಟರ್, ಡ್ರೋನ್ ಸಿಂಪರಣೆ ಎಲ್ಲವೂ ಕೃಷಿ ಉದ್ಯಮವೇ. ಬೀಜದಿಂದ ತಟ್ಟೆಯವರೆಗೆ ಎಲ್ಲಿ ಬೇಕಾದರೂ ಕಾಲಿಡಬಹುದು.

ಮುಸ್ಲಿಂ ವಿದ್ಯಾರ್ಥಿಗಳ ಬಗ್ಗೆ ಬೇರೆಯಾಗಿ ಯಾಕೆ ಕೇಳಬೇಕು? ಎಲ್ಲರಿಗೂ ಒಂದೇ ಅಲ್ವಾ?

ಆಸೆ ಎಲ್ಲರಿಗೂ ಒಂದೇ. ಶುರು ಮಾಡುವ ಜಾಗ ಬೇರೆ. 2006ರ ಸಾಚಾರ್ ಸಮಿತಿ ವರದಿ ಒಂದು ವಿಷಯ ಸ್ಪಷ್ಟವಾಗಿ ಹೇಳಿತ್ತು: ದೇಶದ ಮುಸ್ಲಿಮರಲ್ಲಿ ಬೇಸಾಯದಲ್ಲಿ ಇರುವವರ ಪಾಲು ಬೇರೆಯವರಿಗಿಂತ ಕಡಿಮೆ, ಸ್ವಂತ ಕೆಲಸ ಮಾಡಿಕೊಂಡು ಬದುಕುವವರ ಪಾಲು ಜಾಸ್ತಿ. ನಮ್ಮ ರಾಜ್ಯವನ್ನೇ ನೋಡಿ. ಉತ್ತರ ಕರ್ನಾಟಕದಲ್ಲಿ ಹಣ್ಣು ತರಕಾರಿ ವ್ಯಾಪಾರ ಅಂದರೆ ಬಾಗವಾನರು. ರಾಮನಗರ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರು ಬಹಳ. ಕುರಿ ವ್ಯಾಪಾರದಲ್ಲಿ ಖುರೇಶಿಗಳು, ಕರಾವಳಿಯ ಅಡಿಕೆ ಮತ್ತು ಮೀನು ವ್ಯಾಪಾರದಲ್ಲಿ ಬ್ಯಾರಿಗಳು.

ಅಂದರೆ ಪಹಣಿಯಲ್ಲಿ ಹೆಸರು ಇರುವುದಿಲ್ಲ, ಆದರೆ ಮಂಡಿಯಲ್ಲಿ ಮೂರು ತಲೆಮಾರಿನ ಅನುಭವ ಇರುತ್ತದೆ. ಯಾವ ಊರಿನ ಮಾಲು ಯಾವ ವಾರ ಬರುತ್ತದೆ, ಸವಾಲಿನಲ್ಲಿ ಯಾರು ಎಲ್ಲಿಯವರೆಗೆ ಕೂಗುತ್ತಾರೆ, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಅನ್ನುವುದು ಈ ಮನೆಯ ಮಕ್ಕಳಿಗೆ ಊಟದ ಹೊತ್ತಿನ ಮಾತಿನಲ್ಲೇ ಬಂದಿರುತ್ತದೆ. ಕೃಷಿ ಪದವಿ ಮಾಡಿದ ಎಷ್ಟೋ ಜನರಿಗೆ ಇದೇ ಗೊತ್ತಿರುವುದಿಲ್ಲ. ಬೆಳೆಯುವುದನ್ನು ಕಲಿಸುವ ಪುಸ್ತಕ ಸಿಗುತ್ತದೆ, ಮಾರುವುದನ್ನು ಕಲಿಸುವ ಪುಸ್ತಕ ಎಲ್ಲಿದೆ?

ಹಾಗಾದರೆ ಮುಖ್ಯ ಪ್ರೇರಣೆ ಯಾವುದು? ದುಡ್ಡಾ, ಕೆಲಸ ಸಿಗದೇ ಇರುವುದಾ?

ಎರಡೂ ಇವೆ. ಸರ್ಕಾರಿ ಕೃಷಿ ಅಧಿಕಾರಿ ಹುದ್ದೆಗೆ ಅರ್ಜಿ ಕರೆಯುವುದನ್ನೇ ವರ್ಷಗಟ್ಟಲೆ ಕಾಯುವವರನ್ನು ಹಾಸ್ಟೆಲ್‌ನಲ್ಲಿ ಎಲ್ಲರೂ ನೋಡಿರುತ್ತಾರೆ. ಆದರೆ ಕೆಲಸ ಸಿಗದ ಸಿಟ್ಟಿನಿಂದ ಶುರುವಾದ ಅಂಗಡಿ ಕೆಲಸ ಸಿಕ್ಕ ದಿನ ಮುಚ್ಚುತ್ತದೆ. ಅದನ್ನು ಪ್ರೇರಣೆ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ.

ವಿದ್ಯಾರ್ಥಿಗಳು ಯಾಕೆ ಉದ್ಯಮಿ ಆಗುತ್ತಾರೆ ಅಂತ ಅಧ್ಯಯನ ಮಾಡುವವರು ಹೆಚ್ಚಾಗಿ ಹಿಡಿದುಕೊಳ್ಳುವುದು ಐಸೆಕ್ ಐಜೆನ್ ಅನ್ನುವ ಮನಶ್ಶಾಸ್ತ್ರಜ್ಞ 1991ರಲ್ಲಿ ವಿವರವಾಗಿ ಬರೆದ ಸಿದ್ಧಾಂತವನ್ನು. ಅದರ ಪ್ರಕಾರ ಮನಸ್ಸು ಗಟ್ಟಿಯಾಗಲು ಮೂರು ಬೇಕು. ಈ ಕೆಲಸ ಒಳ್ಳೆಯದು ಅಂತ ನನಗೆ ಅನಿಸಬೇಕು. ನನ್ನವರು ಸರಿ ಅನ್ನಬೇಕು. ಇದು ನನ್ನ ಕೈಲಿ ಆಗುತ್ತದೆ ಅನ್ನುವ ನಂಬಿಕೆ ಬೇಕು.

ನನ್ನ ಪ್ರಕಾರ ನಮ್ಮ ಹುಡುಗರಲ್ಲಿ ಮೊದಲನೆಯದಕ್ಕೆ ಕೊರತೆ ಇಲ್ಲವೇ ಇಲ್ಲ. ವ್ಯಾಪಾರ ಕೀಳು ಅಂತ ಯಾವ ಮುಸ್ಲಿಂ ಮನೆಯಲ್ಲೂ ಹೇಳಿಕೊಡುವುದಿಲ್ಲ. ಪ್ರವಾದಿಯವರೇ ವ್ಯಾಪಾರ ಮಾಡಿದವರು, ಅವರ ಪತ್ನಿ ಖದೀಜಾ ದೊಡ್ಡ ವ್ಯಾಪಾರಿ. ಎರಡನೆಯದು ಅರ್ಧಂಬರ್ಧ ಇದೆ. ಸೋಲುವುದು ಮೂರನೆಯದರಲ್ಲಿ. ‘ನನಗೆ ಇಷ್ಟ ಇದೆ, ಆದ್ರೆ ಎಲ್ಲಿಂದ ಶುರು ಮಾಡ್ಲಿ’ ಅನ್ನುವ ಮಾತಿನಲ್ಲೇ ನಿಂತುಬಿಡುತ್ತಾರೆ. ಈ ನಂಬಿಕೆ ಭಾಷಣದಿಂದ ಬರುವುದಿಲ್ಲ, ಸೆಮಿನಾರ್‌ನ ಸರ್ಟಿಫಿಕೇಟ್‌ನಿಂದಲೂ ಬರುವುದಿಲ್ಲ. ಒಂದು ಸಲ ತಾನೇ ಬೆಳೆದ ಐವತ್ತು ಪ್ಯಾಕೆಟ್ ಅಣಬೆಯನ್ನು ತಾನೇ ಮಾರಿ, ಖರ್ಚು ಕಳೆದು ಕೈಯಲ್ಲಿ ಏನು ಉಳಿಯಿತು ಅಂತ ಲೆಕ್ಕ ಹಾಕಿದಾಗ ಬರುತ್ತದೆ. ಕಾಲೇಜಿನಲ್ಲಿ ಇರುವಾಗಲೇ ಸಣ್ಣದಾಗಿ ಮಾರಿದ ಹುಡುಗ ಮುಂದೆ ನಿಲ್ಲುತ್ತಾನೆ. ಈ ಪುಟದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಧರ್ಮದ ಪಾತ್ರ ನಿಜವಾಗಿ ಎಷ್ಟಿದೆ?

ಇದೆ, ಚೆನ್ನಾಗಿಯೇ ಇದೆ. ಒಬ್ಬ ಮುಸಲ್ಮಾನ ಗಿಡ ನೆಟ್ಟು ಅಥವಾ ಬಿತ್ತಿ, ಅದನ್ನು ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ಅದು ಅವನ ಲೆಕ್ಕಕ್ಕೆ ದಾನ ಅನ್ನುವ ಹದೀಸ್, ಅಂದರೆ ಪ್ರವಾದಿಯವರ ವಚನ, ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಕೈಯಲ್ಲಿ ಸಸಿ ಇರುವಾಗ ಲೋಕದ ಕೊನೆಯ ಗಳಿಗೆ ಬಂದರೂ, ಸಾಧ್ಯವಾದರೆ ನೆಟ್ಟುಬಿಡು ಅನ್ನುವ ಇನ್ನೊಂದು ಹದೀಸ್ ಅಂತೂ ಕೃಷಿ ಓದುವ ಹುಡುಗರ ಬಾಯಲ್ಲೇ ಇರುತ್ತದೆ. ಬೆಳೆಯ ಮೇಲಿನ ಕಡ್ಡಾಯ ದಾನ (ಜಕಾತ್) ಆದ ಉಶ್ರ್‌ನಲ್ಲೂ ಒಂದು ಸೊಗಸು ಇದೆ: ಮಳೆಯಾಶ್ರಿತ ಬೆಳೆಗೆ ಹತ್ತರಲ್ಲಿ ಒಂದು ಪಾಲು, ಕಷ್ಟಪಟ್ಟು ನೀರು ಕಟ್ಟಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ರೈತನ ಶ್ರಮಕ್ಕೂ ಖರ್ಚಿಗೂ ಲೆಕ್ಕ ಇಟ್ಟ ನಿಯಮ ಅದು.

ಹಲಾಲ್ ಸಂಪಾದನೆ ಅನ್ನುವುದು ಇನ್ನೂ ಹತ್ತಿರದ ವಿಷಯ. ದಿನವೂ ಬಡ್ಡಿ ಲೆಕ್ಕ ಮಾಡಬೇಕಾದ ಬ್ಯಾಂಕ್ ಕೆಲಸ ಬೇಡ ಅನ್ನುವವರಿದ್ದಾರೆ. ಅಂಥವರಿಗೆ ನೆಲದಿಂದ ಬಂದ ದುಡ್ಡಿನಲ್ಲಿ ಒಂದು ನೆಮ್ಮದಿ ಕಾಣುತ್ತದೆ.

ಆದರೆ ಒಂದು ಮಾತು. ನಂಬಿಕೆ ಇದ್ದ ಮಾತ್ರಕ್ಕೆ ಟೊಮೆಟೊ ಕ್ರೇಟ್‌ಗೆ ಒಳ್ಳೆ ರೇಟು ಬರುವುದಿಲ್ಲ. ರೇಟು ಬಿದ್ದ ವರ್ಷ ಬಿಟ್ಟು ಓಡದಂತೆ ಹಿಡಿದಿಡುವುದು ನಂಬಿಕೆ. ಬೀಳುವ ಮೊದಲೇ ಎರಡು ಕಡೆ ಗಿರಾಕಿ ಹುಡುಕಿಡುವುದು ವ್ಯಾಪಾರ. ಎರಡೂ ಬೇಕು.

ಅಬ್ಬು ಒಪ್ಪುತ್ತಿಲ್ಲ. ‘ನಾನು ಮಂಡಿಯಲ್ಲಿ ಒದ್ದಾಡಿದ್ದು ಸಾಕು, ನೀನು ನೌಕರಿ ಮಾಡು’ ಅಂತಾರೆ. ಏನು ಮಾಡಲಿ?

ಅವರ ಮಾತಿನಲ್ಲಿ ನೋವಿದೆ, ಅದನ್ನು ಮೊದಲು ಕೇಳಿಸಿಕೊಳ್ಳಿ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಮಾರ್ಕೆಟ್ಟಿಗೆ ಹೋದ ಮನುಷ್ಯ ಮಗನಿಗೆ ಫ್ಯಾನಿನ ಕೆಳಗಿನ ಕುರ್ಚಿ ಬಯಸುವುದು ತಪ್ಪೇನಲ್ಲ. ಅಮ್ಮಿಗೆ ಇನ್ನೊಂದು ಚಿಂತೆ, ಹೆಣ್ಣಿನ ಕಡೆಯವರು ಹುಡುಗ ಏನು ಮಾಡ್ತಾನೆ ಅಂತ ಕೇಳಿದರೆ ಏನು ಹೇಳುವುದು ಅಂತ. ಕರಾವಳಿ ಕಡೆಯಾದರೆ ಗಲ್ಫ್‌ನಲ್ಲಿರುವ ಮಾಮ ಒಬ್ಬರು ವೀಸಾ ಕಳಿಸಲು ತಯಾರಾಗಿಯೇ ಇರುತ್ತಾರೆ.

ವಾದ ಮಾಡಿ ಗೆಲ್ಲಲು ಹೋಗಬೇಡಿ. ಅವರ ವ್ಯಾಪಾರದಲ್ಲೇ ಸೋರಿಹೋಗುತ್ತಿರುವ ಒಂದು ಜಾಗ ಹುಡುಕಿ. ಬಾಗವಾನರ ಮನೆಯಾದರೆ ಸಂಜೆ ಉಳಿದು ಕೊಳೆಯುವ ಹಣ್ಣು. ಅದನ್ನು ಒಣಗಿಸುವುದೋ, ತಿರುಳು ತೆಗೆಯುವುದೋ, ಮೊದಲೇ ಗ್ರೇಡ್ ಮಾಡಿ ಹೋಟೆಲ್‌ಗೆ ಕೊಡುವುದೋ ಏನಾದರೂ ಒಂದನ್ನು ಒಂದು ಸೀಸನ್ ಮಾಡಿ ತೋರಿಸಿ. ಅಬ್ಬು ಅವರಿಗೆ ಲಾಭ ನಷ್ಟ ನಿಮಗಿಂತ ಬೇಗ ಅರ್ಥವಾಗುತ್ತದೆ. ಹೊಸ ಜೀವನ ಶುರು ಮಾಡುತ್ತೇನೆ ಅನ್ನುವುದಕ್ಕಿಂತ ನಿಮ್ಮ ವ್ಯಾಪಾರವನ್ನೇ ಒಂದು ಮೆಟ್ಟಿಲು ಮೇಲೆ ಒಯ್ಯುತ್ತೇನೆ ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ.

ಹೆಣ್ಣುಮಕ್ಕಳಿಗೆ ಇದು ಸಾಧ್ಯವಾ?

ಸಾಧ್ಯ. ಕೃಷಿ ಕಾಲೇಜುಗಳಲ್ಲಿ ಹುಡುಗಿಯರು ಈಗ ತುಂಬಾ ಜನ. ಪದವಿ ಮುಗಿದ ಮೇಲೆ ದೂರದ ಊರಿನ ನೌಕರಿಗೆ ಕಳಿಸಲು ಒಪ್ಪದ ಮನೆ, ಮನೆಯ ಪಕ್ಕದ ಶೆಡ್ಡಿನಲ್ಲಿ ಅಣಬೆ ಬೆಳೆಯಲು, ಟೆರೇಸ್‌ ಮೇಲೆ ನರ್ಸರಿ ಮಾಡಲು, ಉಪ್ಪಿನಕಾಯಿ ಮಸಾಲೆ ಪುಡಿ ಮಾಡಿ ಮಾರಲು ಬೇಗ ಒಪ್ಪುತ್ತದೆ. ಇದು ನ್ಯಾಯ ಅಂತ ನಾನು ಹೇಳುವುದಿಲ್ಲ. ನೌಕರಿಗೂ ಹೋಗಲು ಬಿಡಬೇಕು. ಆದರೆ ಸಿಕ್ಕ ಬಾಗಿಲಿನಿಂದ ಒಳಗೆ ಹೋದವರು ಮುಂದೆ ಬೇರೆ ಬಾಗಿಲುಗಳನ್ನೂ ತೆರೆಸಿದ್ದಾರೆ. ಒಂದು ಎಚ್ಚರಿಕೆ: ಲೈಸೆನ್ಸು, ಬ್ಯಾಂಕ್ ಖಾತೆ, ಯುಪಿಐ ನಂಬರು ನಿಮ್ಮ ಹೆಸರಿನಲ್ಲೇ ಇರಲಿ. ಅಣ್ಣನ ಹೆಸರಿನಲ್ಲಿ ಸುಮ್ನೆ ಇರಲಿ ಬಿಡು ಅಂತ ಬಿಟ್ಟರೆ ಮದುವೆಯಾದ ಮೇಲೆ ವ್ಯಾಪಾರ ಅಲ್ಲೇ ಉಳಿಯುತ್ತದೆ, ನೀವು ಬರಿಗೈಯಲ್ಲಿ ಹೋಗುತ್ತೀರಿ.

ಬಡ್ಡಿ ಸಾಲ ಬೇಡ. ಹಾಗಾದರೆ ದುಡ್ಡು ಎಲ್ಲಿಂದ ತರೋದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಡ್ಡಿ ಬೇಡ ಅನ್ನುವುದು ನೆಪ ಅಲ್ಲ, ಮನಸ್ಸಾಕ್ಷಿಯ ವಿಷಯ, ಅದಕ್ಕೆ ಮರ್ಯಾದೆ ಕೊಟ್ಟೇ ಉತ್ತರ ಹುಡುಕಬೇಕು.

ಒಂದು, ಸಾಲವೇ ಅಲ್ಲದ ದುಡ್ಡು ಇದೆ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಅಡಿಯಲ್ಲಿ ಹೊಸ ಕೃಷಿ ಉದ್ಯಮಗಳಿಗೆ ಅನುದಾನ ಕೊಡುವ ವ್ಯವಸ್ಥೆ ಇದೆ. ಐಡಿಯಾ ಹಂತದಲ್ಲಿ 5 ಲಕ್ಷ ರೂಪಾಯಿವರೆಗೆ, ಸ್ವಲ್ಪ ಬೆಳೆದ ಮೇಲೆ 25 ಲಕ್ಷದವರೆಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಇರುವ, ಹೊಸ ಉದ್ಯಮಕ್ಕೆ ಆಸರೆ ಕೊಡುವ ಇನ್‌ಕ್ಯುಬೇಷನ್ ಕೇಂದ್ರಗಳ ಮೂಲಕ ಅರ್ಜಿ ಹಾಕಬೇಕು. ಸ್ಪರ್ಧೆ ಇದೆ, ಐಡಿಯಾದಲ್ಲಿ ಹೊಸತು ಇರಬೇಕು, ಮಾಮೂಲಿ ಕೋಳಿ ಫಾರಂಗೆ ಸಿಗುವುದಿಲ್ಲ.

ಎರಡು, ಕರ್ನಾಟಕದಲ್ಲಿ ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆ ಸಾಲ ಇದೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಡ್ಡಿಯ ಭಾರ ರೈತನ ಮೇಲೆ ಇಲ್ಲ. ಪಹಣಿ ಬೇಕು, ಸಂಘದ ಸದಸ್ಯತ್ವ ಬೇಕು, ಕೈಗೆ ಸಿಗುವುದು ಬೆಳೆ ಮತ್ತು ಎಕರೆ ನೋಡಿ. ಗಡುವಿನೊಳಗೆ ಕಟ್ಟದಿದ್ದರೆ ಮಾತ್ರ ಬಡ್ಡಿ ಬೀಳುತ್ತದೆ. ಆ ಷರತ್ತು ಇರುವ ಸಾಲ ತೆಗೆದುಕೊಳ್ಳಬಹುದಾ ಅಂತ ನಿಮ್ಮ ಆಲಿಮರನ್ನು, ಅಂದರೆ ಧರ್ಮಪಂಡಿತರನ್ನು, ಕೇಳಿ. ತಾತನ ಹೆಸರಿನಲ್ಲಿ ಎರಡು ಎಕರೆ ಇಟ್ಟುಕೊಂಡು ಈ ಸೌಲಭ್ಯ ಇರುವುದೇ ಗೊತ್ತಿಲ್ಲದ ಮನೆಗಳಿವೆ, ಅದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೂರು, ಪಾಲುದಾರಿಕೆ. ಒಬ್ಬರ ದುಡ್ಡು, ಇನ್ನೊಬ್ಬರ ದುಡಿಮೆ, ಲಾಭ ಮೊದಲೇ ಮಾತಾಡಿಕೊಂಡ ಅನುಪಾತದಲ್ಲಿ, ನಷ್ಟವಾದರೆ ದುಡ್ಡು ಹಾಕಿದವರ ದುಡ್ಡು ಹೋಗುತ್ತದೆ, ದುಡಿದವರ ದುಡಿಮೆ ಹೋಗುತ್ತದೆ. ಇದೇ ಮುದಾರಬಾ. ಇಬ್ಬರೂ ದುಡ್ಡು ಹಾಕಿದರೆ ಮುಶಾರಕಾ. ಚಿಕ್ಕಪ್ಪ, ಮಾಮ, ಗಲ್ಫ್‌ನ ಗೆಳೆಯ ಇವರ ಜೊತೆ ಇದು ಆಗುತ್ತದೆ. ಆದರೆ ಬರೆದೇ ಮಾಡಿ. ಪಾಲುದಾರಿಕೆ ಪತ್ರ, ತಿಂಗಳ ಲೆಕ್ಕ, ಬ್ಯಾಂಕ್ ಮೂಲಕವೇ ವ್ಯವಹಾರ. 2019ರಲ್ಲಿ ಬೆಂಗಳೂರಿನಲ್ಲಿ ಐಎಂಎ ಅನ್ನುವ ಹೂಡಿಕೆ ಕಂಪನಿ ಕುಸಿದಾಗ ಹಲಾಲ್ ಹೂಡಿಕೆ ಅಂತ ನಂಬಿ ದುಡ್ಡು ಇಟ್ಟಿದ್ದ ಸಾವಿರಾರು ಮನೆಗಳು ಕಣ್ಣೀರಿಟ್ಟವು. ಅದಾದ ಮೇಲೆ ಹಲಾಲ್ ಅನ್ನುವ ಪದ ಕೇಳಿದರೆ ಹಿಂದೆ ಸರಿಯುವವರಿದ್ದಾರೆ. ನೀವು ದುಡ್ಡು ಕೇಳಲು ಹೋದಾಗ ಆ ಭಯ ನಿಮ್ಮ ಎದುರು ಕೂತಿರುತ್ತದೆ. ಲೆಕ್ಕದ ಪುಸ್ತಕ ತೆರೆದಿಟ್ಟೇ ಅದನ್ನು ಗೆಲ್ಲಬೇಕು.

ಆಹಾರ ಸಂಸ್ಕರಣೆಗೆ ಇರುವ ಪಿಎಂಎಫ್‌ಎಂಇ, ಕೃಷಿ ಪದವೀಧರರಿಗೆ ಇರುವ ಅಗ್ರಿ ಕ್ಲಿನಿಕ್ ಯೋಜನೆ ಎರಡೂ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವಂಥವು. ಅಗ್ರಿ ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ 36%, ಮಹಿಳೆಯರಿಗೆ 44%. ಬಡ್ಡಿ ಸಾಲಕ್ಕೆ ತಕರಾರು ಇಲ್ಲದವರು ಬಳಸಿಕೊಳ್ಳಬಹುದು. ತಕರಾರು ಇದ್ದವರು ಕೂಡ ಅಗ್ರಿ ಕ್ಲಿನಿಕ್‌ನ ಉಚಿತ ವಸತಿ ತರಬೇತಿಯನ್ನಂತೂ ಬಿಡಬೇಡಿ. ತರಬೇತಿಗೆ ಬಡ್ಡಿ ಇಲ್ಲ ಅಲ್ವಾ. ಹಾಗೆಯೇ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಆ ವರ್ಷ ಯಾವ ಯೋಜನೆಗೆ ಅರ್ಜಿ ಕರೆದಿದ್ದಾರೆ ಅಂತ ನೋಡಿ. ಸಣ್ಣ ರೈತರ ಕೊಳವೆಬಾವಿಗೆ ಗಂಗಾ ಕಲ್ಯಾಣ, ಸಣ್ಣ ವ್ಯಾಪಾರಕ್ಕೆ ಶ್ರಮಶಕ್ತಿ ಇವು ಅಲ್ಲಿಯವೇ.

ಮಾವಿನ ತೋಟವನ್ನು ಹೂವು ಬಿಟ್ಟಾಗಲೇ ಗುತ್ತಿಗೆ ಹಿಡಿಯುತ್ತಾರೆ. ಅದು ಸರಿಯಾ?

ಶ್ರೀನಿವಾಸಪುರ, ಚಿಂತಾಮಣಿ, ರಾಮನಗರದ ಕಡೆಯ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ. ಕಾಯಿ ಕೂತು, ಫಲ ಒಂದು ಹದಕ್ಕೆ ಬಂದಿದೆ ಅಂತ ಕಾಣುವವರೆಗೆ ಮರದ ಫಸಲನ್ನು ಮಾರಬೇಡಿ ಅಂತ ಪ್ರವಾದಿಯವರು ತಡೆದದ್ದು ಹದೀಸ್‌ಗಳಲ್ಲಿದೆ. ಕಾರಣ ಯಾರಿಗಾದರೂ ಅರ್ಥವಾಗುವಂಥದ್ದು. ಹೂವಿನಲ್ಲೇ ಮಾರಿದರೆ ಒಂದು ಆಲಿಕಲ್ಲು ಮಳೆಗೆ ಕೊಂಡವನು ಮುಳುಗುತ್ತಾನೆ, ಭರ್ಜರಿ ಫಸಲು ಬಂದರೆ ಮಾರಿದ ರೈತ ಹೊಟ್ಟೆ ಹಿಸುಕಿಕೊಳ್ಳುತ್ತಾನೆ. ಜಗಳ ಗ್ಯಾರಂಟಿ.

ದಾರಿಗಳಿವೆ. ಕಾಯಿ ಬಲಿತ ಮೇಲೆ ಒಪ್ಪಂದ ಮಾಡಿಕೊಳ್ಳಿ. ಇಲ್ಲವಾದರೆ ಸಲಮ್ ಮಾಡಿ, ಅಂದರೆ ಮೊದಲೇ ದುಡ್ಡು ಕೊಟ್ಟು ಮಾಲನ್ನು ಆಮೇಲೆ ಪಡೆಯುವ ಖರೀದಿ. ಮದೀನಾದ ಜನ ಖರ್ಜೂರಕ್ಕೆ ವರ್ಷ ಎರಡು ವರ್ಷ ಮೊದಲೇ ದುಡ್ಡು ಕೊಟ್ಟುಬಿಡುತ್ತಿದ್ದರು. ಪ್ರವಾದಿಯವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಗಡುವು ಮೂರನ್ನೂ ಖಚಿತ ಮಾಡಿಕೊಳ್ಳಿ ಅಂದರು. ಇಷ್ಟು ಟನ್, ಇಂಥ ತಳಿ, ಇಂಥ ಗ್ರೇಡ್, ಇಂಥ ದಿನ, ಇಂಥ ಜಾಗದಲ್ಲಿ, ಪೂರ್ತಿ ದುಡ್ಡು ಈಗಲೇ. ಇಂಥದ್ದೇ ತೋಟದ ಹಣ್ಣು ಅಂತ ಕಟ್ಟಿಹಾಕುವಂತಿಲ್ಲ ಅನ್ನುವುದು ಹಳೆಯ ಫಿಖ್ಹ್ (ಇಸ್ಲಾಮಿ ನ್ಯಾಯಶಾಸ್ತ್ರ) ಪಂಡಿತರ ಮಾತು, ಯಾಕೆಂದರೆ ಆ ತೋಟ ಕೈಕೊಟ್ಟರೆ ಮತ್ತೆ ಅದೇ ಕಥೆ. ರೈತನಿಗೆ ಬಡ್ಡಿ ಇಲ್ಲದೆ ಗೊಬ್ಬರದ ದುಡ್ಡು ಸಿಕ್ಕಿತು, ನಿಮಗೆ ಮಾಲು ಮೊದಲೇ ಖಾತ್ರಿಯಾಯಿತು. ಇಂದಿನ ಗುತ್ತಿಗೆ ಕೃಷಿಯವರೂ ಒಪ್ಪಂದದಲ್ಲಿ ಪ್ರಮಾಣ, ಗ್ರೇಡ್, ದಿನ ಇವನ್ನು ಹೀಗೆಯೇ ಬರೆಯುತ್ತಾರೆ.

ಕೋರಿಗೆ, ಅಂದರೆ ಪಾಲಿಗೆ ಜಮೀನು ಮಾಡುವ ವಿಷಯದಲ್ಲಿ ನ್ಯಾಯಪಂಥಗಳಾದ ಮದ್‌ಹಬ್‌ಗಳ ನಡುವೆ ವ್ಯತ್ಯಾಸ ಇದೆ. ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿಗಳು, ಬ್ಯಾರಿ ಮತ್ತು ನವಾಯತರು ಶಾಫಿಗಳು. ಪಕ್ಕದ ಊರಿನವರು ಮಾಡುತ್ತಾರೆ ಅಂತ ಮಾಡದೆ ನಿಮ್ಮವರನ್ನು ಕೇಳಿಕೊಳ್ಳಿ.

ನಮಗೆ ಜಮೀನೇ ಇಲ್ಲ. ಆಗುತ್ತಾ?

ಆಗುತ್ತದೆ. 2020ರ ತಿದ್ದುಪಡಿ ಆದ ಮೇಲೆ ರೈತ ಮನೆತನದವರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು, ಆದರೆ ಇವತ್ತಿನ ರೇಟಿಗೆ ವಿದ್ಯಾರ್ಥಿ ಕೊಳ್ಳುವುದು ಕನಸಿನ ಮಾತು. ಜಮೀನು ಬೇಡದ ಕೆಲಸ ನೋಡಿ. ಗೊಬ್ಬರ ಔಷಧಿ ಅಂಗಡಿಯ ಲೈಸೆನ್ಸಿಗೆ ಈಗ ಓದಿನ ಅರ್ಹತೆ ಕೇಳುತ್ತಾರೆ. ಬಿಎಸ್ಸಿ ಅಗ್ರಿ ಮಾಡಿದವರಿಗೆ ಆ ಅರ್ಹತೆ ಪದವಿಯ ಜೊತೆಗೇ ಬಂದಿರುತ್ತದೆ. ಇದು ದೊಡ್ಡ ಅನುಕೂಲ.

ರಂಜಾನ್, ಬಕ್ರೀದ್ ನಂಬಿ ವ್ಯಾಪಾರ ಮಾಡಬಹುದಾ?

ಶುರುವಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಗಿರಾಕಿ ನಿಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಆದರೆ ಚಂದ್ರಮಾನದ ಲೆಕ್ಕ ನೆನಪಿರಲಿ. ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2026ರ ರಂಜಾನ್ ಫೆಬ್ರವರಿ ಮೂರನೇ ವಾರದಲ್ಲಿ, 2027ರದ್ದು ಎರಡನೇ ವಾರದಲ್ಲಿ. ಕಲ್ಲಂಗಡಿ ಎಪ್ಪತ್ತು ಎಂಬತ್ತು ದಿನದ ಬೆಳೆ. ಹಾಗಾಗಿ 2027ಕ್ಕೆ ನವೆಂಬರ್ ಕೊನೆಯ ಹೊತ್ತಿಗೆ ಬಿತ್ತಬೇಕು, ಆಗ ಚಳಿ ಇರುತ್ತದೆ, ಬೆಳೆ ಒಂದಷ್ಟು ದಿನ ತಡವಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನು ಕೆಲವು ವರ್ಷಕ್ಕೆ ರಂಜಾನ್ ಪೂರ್ತಿ ಚಳಿಗಾಲಕ್ಕೆ ಸರಿಯುತ್ತದೆ. ಆಗ ಇಫ್ತಾರ್‌ಗೆ ಕಲ್ಲಂಗಡಿ ಇಷ್ಟೇ ಖರ್ಚಾಗುವುದಿಲ್ಲ. ಬಕ್ರೀದ್‌ ಕುರಿಗೂ ಹೀಗೆಯೇ, ಮರಿ ಕೊಳ್ಳುವ ತಿಂಗಳು ವರ್ಷ ವರ್ಷ ಹಿಂದೆ ಸರಿಯುತ್ತದೆ. ಕುರ್ಬಾನಿಗೆ ಕುರಿಯ ವಯಸ್ಸು ಮತ್ತು ಅಂಗಾಂಗ ಸರಿಯಿರಬೇಕು, ಕೊಳ್ಳುವಾಗಲೇ ಹಲ್ಲು ನೋಡಿ.

ಹಲಾಲ್ ಸರ್ಟಿಫಿಕೇಟ್ ಬೇಕಾ?

ತರಕಾರಿ, ಹಣ್ಣು, ಧಾನ್ಯಕ್ಕೆ ಊರಿನಲ್ಲಿ ಮಾರುವಾಗ ಬೇಡ. ಪ್ಯಾಕ್ ಮಾಡಿದ ಆಹಾರ ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಆ ದೇಶದ ನಿಯಮ ನೋಡಬೇಕು. ಇಂಡೋನೇಷ್ಯಾ 2014ರ ಕಾನೂನಿನ ಪ್ರಕಾರ 2024ರ ಅಕ್ಟೋಬರ್‌ನಿಂದ ಆಹಾರಕ್ಕೆ ಹಂತ ಹಂತವಾಗಿ ಇದನ್ನು ಕಡ್ಡಾಯ ಮಾಡುತ್ತಿದೆ.

ಆ ದೇಶದಿಂದ ಕಲಿಯುವುದು ಇನ್ನೊಂದಿದೆ. ಪಶ್ಚಿಮ ಜಾವಾದ ಚಿವಿದೇ ಬೆಟ್ಟದಲ್ಲಿ ಅಲ್-ಇತ್ತಿಫಾಕ್ ಅನ್ನುವ ಮದರಸಾ ಇದೆ. ಅಲ್ಲಿನ ವಿದ್ಯಾರ್ಥಿಗಳು ಓದಿನ ಜೊತೆಗೆ ತರಕಾರಿ ಬೆಳೆದು, ಗ್ರೇಡ್ ಮಾಡಿ, ಪ್ಯಾಕ್ ಮಾಡಿ ಸೂಪರ್ ಮಾರ್ಕೆಟ್‌ಗಳಿಗೆ ಕಳಿಸುತ್ತಾರೆ. ನಮ್ಮಲ್ಲೂ ಜಮೀನಿರುವ ಶಿಕ್ಷಣ ಸಂಸ್ಥೆಗಳಿವೆ. ಯಾಕೆ ಆಗಬಾರದು?

ಹೆಸರು ನೋಡಿ ವ್ಯಾಪಾರ ಬೇಡ ಅಂದುಬಿಟ್ಟರೆ ಅನ್ನುವ ಭಯ ಇದೆ.

ಭಯಕ್ಕೆ ಕಾರಣ ಇದೆ. 2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬೇಡ ಅಂದರು, ಮಾವಿನ ವ್ಯಾಪಾರಿಗಳ ವಿರುದ್ಧ ಕರೆ ಕೊಟ್ಟರು, ಧಾರವಾಡದ ನುಗ್ಗಿಕೇರಿಯಲ್ಲಿ ಒಬ್ಬ ಹಣ್ಣಿನ ವ್ಯಾಪಾರಿಯ ಕಲ್ಲಂಗಡಿಗಳನ್ನು ರಸ್ತೆಗೆ ಒಡೆದು ಹಾಕಿದರು. ಅದನ್ನು ನೋಡಿದ ಹುಡುಗನಿಗೆ ಧೈರ್ಯವಾಗಿರು ಅಂತ ಸುಮ್ನೆ ಹೇಳುವುದು ಸುಲಭ, ನಾನು ಹೇಳುವುದಿಲ್ಲ. ಒಂದೇ ಜಾಗ, ಒಂದೇ ಬಗೆಯ ಗಿರಾಕಿಯ ಮೇಲೆ ಪೂರ್ತಿ ನಿಲ್ಲಬೇಡಿ. ರೈತ ಉತ್ಪಾದಕ ಕಂಪನಿಯ ಸದಸ್ಯರಾಗಿ. ಬೇರೆ ಸಮುದಾಯದ ಸಹಪಾಠಿಯ ಜೊತೆ ಪಾಲುದಾರಿಕೆ ಮಾಡಿ. ಅವನ ಮನೆಯಲ್ಲಿ ಜಮೀನಿದೆ, ನಿಮ್ಮ ಮನೆಯಲ್ಲಿ ಮಾರ್ಕೆಟ್ ಇದೆ, ಇಬ್ಬರಿಗೂ ಪದವಿ ಇದೆ. ಒಕ್ಕಲಿಗರ, ಲಿಂಗಾಯತರ ತೋಟದ ಮಾಲು ಮುಸ್ಲಿಂ ಮಂಡಿಗೆ ಬರುವುದು ಈ ನಾಡಿನಲ್ಲಿ ಹೊಸದೇನಲ್ಲ.

ಕಾಲೇಜಿನಲ್ಲಿ ಇರುವಾಗ ಏನು ಮಾಡಬಹುದು?

ಕೃಷಿ ಪದವಿಯವರಿಗೆ ಕೊನೆಯ ವರ್ಷ ಹಳ್ಳಿಯಲ್ಲಿ ಉಳಿಯುವ ರಾವೆ ಇದೆ, ಒಂದು ಘಟಕವನ್ನು ತಾವೇ ನಡೆಸಿ ಲಾಭ ಹಂಚಿಕೊಳ್ಳುವ ಅನುಭವ ಕಲಿಕೆ ಇದೆ. ಮಾರ್ಕ್ಸಿಗಾಗಿ ಮುಗಿಸಬೇಡಿ. ರಾವೆ ಹಳ್ಳಿಯ ಹತ್ತು ರೈತರ ನಂಬರು ಮುಂದೆ ನಿಮ್ಮ ಮೊದಲ ಹತ್ತು ಗಿರಾಕಿಗಳು. ಧಾರವಾಡ ಮತ್ತು ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಗಳಲ್ಲಿ ಗೆಳೆಯರು ಸೇರಿ ಮಳಿಗೆ ಹಾಕಿ.

ಬೇರೆ ಓದಿನವರಿಗೆ ಜಿಲ್ಲೆಗಳಲ್ಲಿ ರುಡ್‌ಸೆಟಿ, ಆರ್‌ಸೆಟಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಮಾದರಿ ಅದು, ಕುರಿ ಸಾಕಣೆ, ಹೈನುಗಾರಿಕೆ, ಅಣಬೆ ಎಲ್ಲದಕ್ಕೂ ಊಟ ವಸತಿ ಸಮೇತ ಉಚಿತ ತರಬೇತಿ. ಆಹಾರ ಸಂಸ್ಕರಣೆ ಆದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಕಿರು ಕೋರ್ಸುಗಳನ್ನು ನೋಡಿ.

ನಾಳೆಯೇ ಯಾರನ್ನಾದರೂ ನೋಡಬೇಕು ಅಂದರೆ ಯಾರನ್ನು?

ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಯನ್ನು. ದುಡ್ಡು ಕೇಳಲು ಅಲ್ಲ, ನಿಮ್ಮ ಊರಿನ ನೀರು ಮಣ್ಣಿಗೆ ಯಾವುದು ಒಗ್ಗುತ್ತದೆ ಅಂತ ಕೇಳಲು. ಆಮೇಲೆ ಹತ್ತಿರದ ಎಪಿಎಂಸಿಗೆ ಬೆಳಗಿನ ಸವಾಲಿನ ಹೊತ್ತಿಗೆ ಹೋಗಿ, ನೀವು ಮಾಡಬೇಕು ಅಂದುಕೊಂಡಿರುವ ಮಾಲಿನ ರೇಟನ್ನು ಒಂದು ತಿಂಗಳು ದಿನಾ ಬರೆದುಕೊಳ್ಳಿ. ಕೇಂದ್ರದವರು ಹೇಳಿದ ಬೆಳೆಯ ಖರ್ಚು ಒಂದು ಕಡೆ, ನೀವು ಬರೆದ ರೇಟು ಇನ್ನೊಂದು ಕಡೆ ಇಟ್ಟು ಅಬ್ಬು, ಅಮ್ಮಿ ಎದುರು ಕೂತು ಮಾತಾಡಿ.